ಫುಟ್‌ಬಾಲಿನಲ್ಲಿ ಸೋತದ್ದು, ಬಡವ ಯಾರೆಂದು ಗೊತ್ತಾದದ್ದು

ಒಬ್ಬನೇ ಇರುವ ಮನುಷ್ಯನಿಗೆ ಮಾತಾಡಲು ಜನ ಸಿಗದಿರಬಹುದು, ಆದರೆ ಊರವರ ಅಭಿಪ್ರಾಯಗಳಿಗೆ ಬರವಿಲ್ಲ. ಅವು ತಾವಾಗಿಯೇ ನಡೆದುಕೊಂಡು ಬಾಗಿಲಿಗೆ ಬರುತ್ತವೆ. ನನಗಂತೂ ಜೀವನವಿಡೀ ಹೀಗೇ ಆಗಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ನೆಲ್ಯಹುದಿಕೇರಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ರೈಟರೆಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ನನ್ನ ಊರು ಅರಕಲಗೂಡಿನ ಕಡೆ. ಮದುವೆಯಾಗಿರಲಿಲ್ಲ. ತೋಟದ ಒಂದು ತುದಿಗೆ ನನ್ನ ಕ್ವಾರ್ಟರ್ಸು, ಇನ್ನೊಂದು ತುದಿಗೆ ಕೆಲಸದವರ ಸಾಲುಮನೆಗಳು, ಅಂದರೆ ಲೈನು. ಸಂಜೆಯಾದರೆ ಅಲ್ಲಿಂದ ಒಲೆಯ ಹೊಗೆ, ಮಕ್ಕಳ ಅಳು, ಗಂಡ ಹೆಂಡಿರ ಜಗಳ ಎಲ್ಲ ಗಾಳಿಯಲ್ಲಿ ನನ್ನ ಮನೆಯವರೆಗೂ ಬರುತ್ತಿತ್ತು. ಜಗಳ ಜೋರಾಗಿದ್ದ ದಿನ ನನಗೆ ಊಟ ರುಚಿಸುತ್ತಿತ್ತು. ಅವರೆಲ್ಲ ಸುಮ್ಮನಿದ್ದ ದಿನ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು.

ಎಸ್ಟೇಟಿಗೆ ಒಂದು ಫುಟ್‌ಬಾಲ್ ಟೀಮಿತ್ತು. ಅದಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದ್ದರು. ನನಗೆ ಆಟ ಗೊತ್ತಿತ್ತೆಂದಲ್ಲ. ಭಾನುವಾರ ಮನೆಯಲ್ಲಿ ಕಾಯುವವರಿಲ್ಲದವನು ಇಡೀ ಎಸ್ಟೇಟಿನಲ್ಲಿ ನಾನೊಬ್ಬನೇ.

ಸೈಡ್ ಕೊಟ್ಟದ್ದು

ಪಕ್ಕದ ಎಸ್ಟೇಟಿನ ಮೇಲೆ ಆಡಿದ ಮೊದಲ ಮ್ಯಾಚಿನಲ್ಲೇ ಆರು ಗೋಲಿನಿಂದ ಸೋತೆವು. ನಾವು ಹೊಡೆದದ್ದು ಸೊನ್ನೆ. ನಮ್ಮ ಗೋಲ್‌ಕೀಪರು ಎಸ್ಟೇಟಿನ ಲಾರಿ ಡ್ರೈವರು. ಆರಡಿ ಆಳು, ಎರಡು ಕೈ ಚಾಚಿದರೆ ಗೋಲು ಅರ್ಧ ಮುಚ್ಚುತ್ತಿತ್ತು. ಆದರೂ ಚೆಂಡು ಬಂದಾಗಲೆಲ್ಲ ಅವನು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

ಮ್ಯಾಚು ಮುಗಿದ ಮೇಲೆ ಕರೆದು ಕೇಳಿದೆ. "ಅಲ್ಲ ಮಾರಾಯ, ಚೆಂಡು ನಿನ್ನ ಎದುರಿಗೇ ಬರ್ತಿತ್ತಲ್ಲ, ಯಾಕೆ ಹಿಡೀಲಿಲ್ಲ?"

ಅವನು ತಲೆ ತಗ್ಗಿಸಿ ನಿಂತ. ನಿಜವಾಗಿ ಬೇಜಾರಾಗಿತ್ತು ಅವನಿಗೆ.

"ಸಾರ್, ಈ ಎಸ್ಟೇಟ್ ರಸ್ತೆಯಲ್ಲಿ ಲಾರಿ ಓಡಿಸಿ ಓಡಿಸಿ ಅಭ್ಯಾಸ ಆಗಿಬಿಟ್ಟಿದೆ. ಎದುರಿನಿಂದ ಏನು ಬಂದರೂ ನಾನು ಸೈಡ್ ಕೊಡೋದು."

ಹಳೇ ಬಡತನ

ಸೋಲಿನ ವಿಚಾರಣೆ ನಡೆದದ್ದು ಕಾಕನ ಹೋಟೆಲಿನಲ್ಲಿ. ಗೇಟಿನ ಎದುರು ಚಹಾ, ಅಕ್ಕಿಹಿಟ್ಟಿನ ಪುಟ್ಟು ಮಾರುತ್ತಿದ್ದ ಮಲಯಾಳಿ ಮುದುಕ ಅವನು. ಎಲ್ಲರೂ ಕಾಕ ಎನ್ನುತ್ತಿದ್ದರು. ಮ್ಯಾಚು ನೋಡಲು ಹೋಟೆಲು ಬಿಟ್ಟು ಹೋಗಿರಲಿಲ್ಲ. ಹಾಗಾಗಿ ಅವನ ಅಭಿಪ್ರಾಯದಲ್ಲಿ ಯಾವ ಅನುಮಾನವೂ ಇರಲಿಲ್ಲ.

"ಓಡುವವರಿಗೆ ಹೊಟ್ಟೆಯಲ್ಲಿ ಎಂತಾದರೂ ಬೇಡವಾ ರೈಟರೆ? ಬೆಳಿಗ್ಗೆ ಇಲ್ಲಿ ಪುಟ್ಟು ತಿಂದು ಹೋಗಿದ್ದರೆ ಗೆಲ್ಲುತ್ತಿದ್ದರು."

ಲೈನಿನ ಮೇಸ್ತ್ರಿ ಒಪ್ಪಲಿಲ್ಲ. ಟೀಮಿನಲ್ಲಿ ಅವನ ತಮ್ಮನೂ ಇದ್ದ. "ಪುಟ್ಟು ಅಲ್ಲ ಕಾಕ. ನಮ್ಮ ಹುಡುಗರ ಕಾಲಿಗೆ ಬೂಟಿಲ್ಲ. ನಾವು ಸೋತದ್ದು ಬಡತನದಿಂದ."

ಹೋಟೆಲಿನಲ್ಲಿದ್ದವರೆಲ್ಲ ಹೌದು ಹೌದು ಎಂದರು. ನನಗೂ ಹೌದೆನಿಸಿತು. ಸೋಲಿಗೆ ಅಷ್ಟು ಗೌರವದ ಕಾರಣ ಇನ್ನೊಂದು ಸಿಗುವುದಿಲ್ಲ. ಕಾಕ ಮಾತ್ರ ಗ್ಲಾಸು ತೊಳೆಯುತ್ತಾ ಕೇಳಿದ, "ಆ ಎಸ್ಟೇಟಿನವರ ಕಾಲಿಗೆ ಬೂಟಿತ್ತಾ?"

"ಇರಲಿಲ್ಲ," ಎಂದೆ ನಾನು.

"ಮತ್ತೆ ಅವರು ಹೇಗೆ ಗೆದ್ದರು?"

ಮೇಸ್ತ್ರಿ ಚಹಾ ಮುಗಿಸಿ ಗ್ಲಾಸನ್ನು ಕಾಕನ ಕೈಗೆ ಕೊಟ್ಟ. ಆಮೇಲೆ ಹೇಳಿದ, "ಅವರದ್ದು ನಮಗಿಂತ ಹಳೇ ಬಡತನ, ಕಾಕ. ಅಭ್ಯಾಸ ಉಂಟು ಅವರಿಗೆ."

ದೊರೆಯ ಕಷ್ಟ

ಬೂಟು ಕೇಳಲು ನನ್ನನ್ನೇ ದೊರೆಯ ಬಂಗಲೆಗೆ ಅಟ್ಟಿದರು. ದೊರೆ ಎಂದರೆ ಎಸ್ಟೇಟಿನ ಯಜಮಾನರು, ಕೊಡವರು, ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ದೂರ ಕೊಟ್ಟಿದ್ದರು. ವರಾಂಡದಲ್ಲಿ ನಾಯಿಗಳ ನಡುವೆ ಕೂತಿದ್ದರು.

"ಬನ್ನಿ ರೈಟರೆ, ಕೂತ್ಕೊಳ್ಳಿ," ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಕೂರಿಸಿದ್ದಿಲ್ಲ. ನಾನು ವಿಷಯ ಹೇಳಿದೆ. ಹುಡುಗರು ಬಡವರು, ಬೂಟಿಲ್ಲ, ದೊರೆಗಳು ದೊಡ್ಡ ಮನಸ್ಸು ಮಾಡಬೇಕು ಎಂದೆ.

"ಬಡವರು ಅಂದರೆ ಯಾರು, ಹೇಳಿ ನೋಡುವ," ಎಂದರು.

ಸಂಬಳ ಕೊಡುವವರ ಮುಂದೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

"ಇದ್ದದ್ದು ಹೋದರೆ ಅದು ಬಡತನ. ನನ್ನ ಹತ್ತಿರ ಎರಡು ಕಾರಿತ್ತು, ಈಗ ಒಂದೇ. ಈ ಮನೆ ತುಂಬ ಜನ ಇದ್ದರು, ಈಗ ಇವು ಮಾತ್ರ." ನಾಯಿಗಳನ್ನು ತೋರಿಸಿದರು. "ಲೈನಿನವರಿಗೆ ಏನು ಹೋಗಿದೆ ಹೇಳಿ? ಮೊದಲೂ ಇರಲಿಲ್ಲ, ಈಗಲೂ ಇಲ್ಲ."

ಕತ್ತಲಾಗುವವರೆಗೂ ಅವರು ಬಡತನದ ಬಗ್ಗೆ ಮಾತಾಡಿದರು. ನಾನು ಎದ್ದರೆ ಇನ್ನೊಂದು ಕಾಫಿ ತರಿಸುತ್ತಿದ್ದರು. ಅವರಿಗೂ ಆ ಹೊತ್ತಿಗೆ ಮನೆಯೊಳಗೆ ಹೋಗಲು ಮನಸ್ಸಿಲ್ಲವೆಂದು ನನಗೆ ಗೊತ್ತಾಯಿತು. ಆ ಮನಸ್ಸು ನನಗೆ ಪರಿಚಯದ್ದೇ. ಕೊನೆಗೆ ತಾವು ಬೇಟೆಗೆ ಹಾಕುತ್ತಿದ್ದ ಹಳೇ ಬೂಟಿನ ಜೊತೆಯೊಂದನ್ನು ತಂದುಕೊಟ್ಟರು.

"ಹನ್ನೊಂದು ಜನ ಇದ್ದಾರೆ ದೊರೆ," ಎಂದೆ.

"ಫುಟ್‌ಬಾಲು ಒಂದೇ ಅಲ್ಲವಾ ಇರುವುದು?" ಎಂದರು ದೊರೆ. "ಒಂದು ಸಲಕ್ಕೆ ಒಬ್ಬನೇ ತಾನೇ ಒದೆಯುವುದು."

ಬಲಗಾಲಿನದು

ಆ ಒಂದು ಜೊತೆಗಾಗಿ ಲೈನಿನಲ್ಲಿ ದೊಡ್ಡ ಗಲಾಟೆಯಾಯಿತು. ಮೇಸ್ತ್ರಿಯೇ ನ್ಯಾಯ ತೀರ್ಮಾನ ಮಾಡಿ, ಬಲಗಾಲಿನ ಬೂಟನ್ನು ತನ್ನ ತಮ್ಮನಿಗೆ, ಎಡಗಾಲಿನದನ್ನು ಎಡಗಡೆ ಆಡುವವನಿಗೆ ಹಂಚಿದ.

ಅದೇ ಎಸ್ಟೇಟಿನ ಮೇಲೆ ಎರಡನೇ ಮ್ಯಾಚು. ಮೇಸ್ತ್ರಿಯ ತಮ್ಮನಿಗೆ ಗೋಲಿನ ಎದುರಿಗೇ ಚೆಂಡು ಸಿಕ್ಕಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಒದ್ದ. ಬೂಟು ದೊರೆಯ ಅಳತೆಯದು. ಅದು ಕಾಲಿನಿಂದ ಕಳಚಿ ಚೆಂಡಿಗಿಂತ ಮುಂದೆ ಹಾರಿತು. ಅವರ ಗೋಲ್‌ಕೀಪರು ಒಂದು ಗಳಿಗೆ ಎರಡನ್ನೂ ನೋಡಿದ. ಆಮೇಲೆ ಚೆನ್ನಾಗಿ ಜಿಗಿದು ಬೂಟನ್ನು ಹಿಡಿದ. ಚೆಂಡು ಅವನ ಪಕ್ಕದಲ್ಲೇ ನಿಧಾನವಾಗಿ ಉರುಳಿ ಗೋಲಿನೊಳಗೆ ಹೋಯಿತು.

ನಾವು ಆವತ್ತೂ ಸೋತೆವು, ಆದರೆ ಆ ಒಂದು ಗೋಲಿಗೆ ನಮ್ಮವರು ಕುಣಿದದ್ದನ್ನು ನೋಡಿದರೆ ಗೆದ್ದವರಿಗೇ ಅನುಮಾನ ಬರಬೇಕು. ಅತ್ತ ಅವರ ಕ್ಯಾಪ್ಟನು ಗೋಲ್‌ಕೀಪರನ್ನು ಬೈಯುತ್ತಿದ್ದ, "ಚೆಂಡು ಬಿಟ್ಟು ಬೂಟು ಹಿಡೀತಾರಾ ಯಾರಾದರೂ?"

"ಗೋಲು ಇನ್ನೊಂದು ಹೊಡೀಬಹುದು," ಎಂದ ಅವನು, ಬೂಟನ್ನು ಕಂಕುಳಲ್ಲಿ ಒತ್ತಿ ಹಿಡಿದು. "ಬೂಟು ಇನ್ನೊಂದು ಸಲ ಹಾರಿ ಬರ್ತದಾ?"

ಬೂಟು ವಾಪಸು ಬರಲಿಲ್ಲ. ಸೋಮವಾರ ಬೆಳಿಗ್ಗೆ ಆ ಗೋಲ್‌ಕೀಪರೇ ನನ್ನ ಆಫೀಸಿಗೆ ಬಂದು ಬಾಗಿಲಲ್ಲಿ ನಿಂತ. ತಿರುಗಿ ಕೊಡಲು ಬಂದನೆಂದು ನನಗೆ ಸಂತೋಷವಾಯಿತು. ಅವನು ವಿನಯದಿಂದ ಕೇಳಿದ, "ಎಡಗಾಲಿನದು ಯಾರ ಹತ್ತಿರ ಉಂಟು ಸಾರ್?"

ಸರ್ಕಾರಕ್ಕೆ ಬೇಕಾದ ಬಡವ

ಇದಾದ ಮೇಲೆ ಒಂದು ದಿನ ಮೈಸೂರಿನಿಂದ ಒಬ್ಬ ಆಫೀಸರು ಬಂದರು. ಊರೂರಿನಲ್ಲಿ ತೀರಾ ಬಡವರು ಯಾರೆಂದು ವಿಚಾರಿಸುವುದು ಅವರ ಕೆಲಸ. ಕಾಕನ ಹೋಟೆಲಿನ ಬೆಂಚಿನ ಮೇಲೆ ಕೂತು, "ಇಲ್ಲಿ ಎಲ್ಲರಿಗಿಂತ ಬಡವರು ಯಾರು?" ಎಂದರು.

ಫುಟ್‌ಬಾಲಿನಲ್ಲಿ ಸೋತಾಗ ಬಡವರಾಗಿದ್ದವರು ಯಾರೂ ಆವತ್ತು ಬಡವರಿರಲಿಲ್ಲ. ಮೇಸ್ತ್ರಿ ತನ್ನ ಊರಿನಲ್ಲಿ ಹೊಲ ಉಂಟೆಂದ. ಡ್ರೈವರು ತನ್ನ ಕೈಯಲ್ಲಿ ಲಾರಿ ಉಂಟೆಂದ.

ಲೈನಿನಲ್ಲಿ ಪಿರಿಯಾಪಟ್ಟಣದ ಕಡೆಯ ಒಬ್ಬ ಅಜ್ಜಿಯಿದ್ದಳು. ಮಗ, ಸೊಸೆ, ಮೊಮ್ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಆವತ್ತು ಅವಳೂ ಹೋಟೆಲಿನ ಬಾಗಿಲಲ್ಲಿ ನಿಂತಿದ್ದಳು. ಆಫೀಸರು ಅವಳ ಸೀರೆಯ ತೇಪೆ ನೋಡಿ, "ನೀವಾ ಅಜ್ಜಿ?" ಎಂದು ಕೇಳಿದರು.

"ನಾನ್ಯಾಕಪ್ಪ ಬಡವೆ," ಎಂದಳು ಅಜ್ಜಿ. "ಮಲಗಿದ್ರೆ ಮಗ್ಗಲು ಬದಲಾಯ್ಸಕ್ಕೆ ಜಾಗಿಲ್ಲ, ಅಷ್ಟು ಜನ ಅವ್ರೆ ನಮ್ಮನೇಲಿ." ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಬಡವ್ರು ಅಂದ್ರೆ ನಮ್ ರೈಟ್ರಪ್ಪ. ಮನೆಗೋದ್ರೆ ಬಂದ್ಯಾ ಅನ್ನೋರಿಲ್ಲ."

ಹೋಟೆಲಿನಲ್ಲಿದ್ದವರೆಲ್ಲ ಹೌದು ಹೌದು ಎಂದರು. ಆಫೀಸರು ನನ್ನ ಶರಟು, ಪ್ಯಾಂಟು, ಕೈಗಡಿಯಾರ ನೋಡಿದರು. "ಅಂಥ ಬಡತನಕ್ಕೆ ಸರ್ಕಾರದಲ್ಲಿ ಏನೂ ಇಲ್ಲವಮ್ಮ," ಎಂದು ಎದ್ದು ಹೋದರು. ನಾನು ಎಲ್ಲರ ಜೊತೆ ನಕ್ಕೆ. ಆದರೆ ಕ್ವಾರ್ಟರ್ಸಿಗೆ ಬಂದು ಬೀಗ ತೆಗೆಯದೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ.

ಮಾರನೆಯ ದಿನ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಅಜ್ಜಿ. ಕೈಯಲ್ಲಿ ಬಾಳೆಲೆ ಮುಚ್ಚಿದ ಪಾತ್ರೆ, ಒಳಗೆ ಬಿಸಿ ಮುದ್ದೆ, ಸೊಪ್ಪಿನ ಸಾರು.

"ಸರ್ಕಾರ ಕೈಬಿಡ್ತಲ್ಲ, ಅದಕ್ಕೆ ತಂದಿವ್ನಿ," ಎಂದಳು. "ಬಡವ್ರಿಗೆ ಕೊಟ್ರೆ ಪುಣ್ಯ ಬತ್ತದೆ. ನಾಚ್ಕೋಬೇಡ, ಉಣ್ಣಪ್ಪ."

ಪಾತ್ರೆ ತೆಗೆದುಕೊಂಡೆ. ಅಜ್ಜಿ ಹೋಗದೆ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಪಾತ್ರೆ ಆಮೇಲೆ ನಾನೇ ಕಳಿಸುತ್ತೇನೆ, ನೀನು ಹೋಗು ಎಂದೆ.

"ಬ್ಯಾಡ, ಬಿರ್‍ರನೆ ಉಂಡು ತೊಳ್ದು ಕೊಟ್ಬುಡು," ಎಂದಳು ಅಜ್ಜಿ. "ನಮ್ಮನೇಲಿ ಇರಾದೇ ಅದೊಂದು. ಮಿಕ್ಕೋರ್‍ದೆಲ್ಲ ಇನ್ನೂ ಊಟ ಆಗಿಲ್ಲ."