ಚೊಚ್ಚಲ ಗ್ರಂಥಕ್ಕೆ ನೆರವು ಮತ್ತು ಹಾಳೆಯ ಹಿಂಬದಿ

ಸುತ್ತೋಲೆ ಸಂಖ್ಯೆ: ಚೊ.ಗ್ರಂ.ನೆ. 2/1931-32
ಮೈಸೂರು, 14ನೆಯ ಆಗಸ್ಟ್ 1931

ವಿಷಯ: ಹೆಸರಿಲ್ಲದ ವಿದ್ವಾಂಸರ ಮೊದಲ ಗ್ರಂಥವನ್ನು ಬೆಳಕಿಗೆ ತರಲು ಇಲಾಖೆಯು ನೀಡುವ ನೆರವು, ಹಾಗೆ ತರುವಾಗ ಶ್ರೀ ಸವರಿಯಪ್ಪನವರ ಗ್ರಂಥದ ಹಿಂಬದಿಯಲ್ಲಿ ಕೊಡೆಯ ಸುತ್ತೋಲೆ ಅಚ್ಚಾದದ್ದು.

ಉಲ್ಲೇಖ: (ಅ) ಕಾಗದ ಮಿತವ್ಯಯದ ಆಜ್ಞೆ. (ಆ) ಕಚೇರಿಯ ಪಡಸಾಲೆಯಲ್ಲಿ ಒದ್ದೆ ಕೊಡೆ ಬಿಚ್ಚಿಡುವ ಕ್ರಮದ ಬಗ್ಗೆ ಸುತ್ತೋಲೆ. (ಇ) ಶ್ರೀ ಸವರಿಯಪ್ಪನವರ ಅರ್ಜಿಗಳು, ಒಂದರಿಂದ ಹದಿನಾಲ್ಕರವರೆಗೆ.

ಬರೆದಿಟ್ಟೂ ಅಚ್ಚು ಕಾಣದ ವಿದ್ವಾಂಸರನ್ನು ಕೈಹಿಡಿದು ಮೇಲೆತ್ತಬೇಕೆಂಬ ಘನ ಉದ್ದೇಶದ ಈ ಯೋಜನೆ ಜಾರಿಗೆ ಬಂದು ನಾಲ್ಕು ವರ್ಷಗಳಾದವು. ಇದುವರೆಗೆ ಬಂದಿರುವ ಅರ್ಜಿದಾರರು ಒಬ್ಬರೇ. ಅವರು ಲಷ್ಕರ್ ಮೊಹಲ್ಲಾದ ಶಾಲೆಯೊಂದರ ಉಪಾಧ್ಯಾಯರಾದ ಶ್ರೀ ಸವರಿಯಪ್ಪನವರು. ಎಂಟು ವರ್ಷ, ಶಾಲೆ ಬಿಟ್ಟ ಮೇಲೆ ಬೀದಿ ಬೀದಿ ಅಲೆದು, ನಲ್ಲಿ ಬರುವುದಕ್ಕೆ ಮುಂಚೆ ಊರಿಗೆ ನೀರುಣಿಸಿದ ಬಾವಿಗಳನ್ನೆಲ್ಲ ಹಗ್ಗ ಬಿಟ್ಟು ಅಳೆದು, ಕಲ್ಲಿನ ಬರಹ ಓದಿ, ಮುದುಕ ಮುದುಕಿಯರ ಮಾತು ಕೇಳಿ, ಅವರು 'ಮೈಸೂರು ಪಟ್ಟಣದ ಬಾವಿಗಳು' ಎಂಬ 216 ಹಾಳೆಯ ಗ್ರಂಥ ಬರೆದರು. ಸದರಿ ಗ್ರಂಥಕ್ಕೆ ಇಲಾಖೆಯಿಂದ ಆದ ಉಪಕಾರವನ್ನು ಸಮಸ್ತರೂ ಅರಿತು, ಮುಂದೆಯೂ ಹೀಗೆಯೇ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಅಪ್ಪಣೆ ಮಾಡಲಾಗಿದೆ.

1. ನೆರವು ಕೋರುವವರು ಯಾರಿಗೂ ಗೊತ್ತಿಲ್ಲದವರಾಗಿರಬೇಕು. ಈ ಬಗ್ಗೆ ಇಬ್ಬರು ಗಣ್ಯರು, ಅರ್ಜಿದಾರರನ್ನು ಎದುರಿಗೆ ನಿಲ್ಲಿಸಿಕೊಂಡು, 'ಈ ಮನುಷ್ಯನನ್ನು ನಾವು ಅರಿಯೆವು' ಎಂದು ಬರೆದುಕೊಡಬೇಕು. ಜಯಲಕ್ಷ್ಮೀಪುರಂನ ವಕೀಲ ಶ್ರೀ ಕರಿಬಸವಯ್ಯನವರು ಸಂತೋಷದಿಂದಲೇ ಬರೆದುಕೊಟ್ಟರು. ಆದರೆ ಮೊಹರು ಹಾಕಿಸಲು ಎರಡನೆಯ ಸಲ ಹೋದಾಗ, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ, ಒಂದ್ ಲೋಟ ಕಾಫಿ ಆಗ್ಲಿ" ಎಂದುಬಿಟ್ಟದ್ದರಿಂದ ಪರಿಚಯ ರುಜುವಾತಾಗಿ, ಆ ಪತ್ರವನ್ನು ರದ್ದುಪಡಿಸಲಾಯಿತು. ಇನ್ನು ಮುಂದೆ ಗಣ್ಯರು ಅರ್ಜಿದಾರರಿಗೆ ಕಾಫಿ ಕೊಡತಕ್ಕದ್ದಲ್ಲ.

2. ಗ್ರಂಥವನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯತಕ್ಕದ್ದು. ಹಿಂಬದಿ ಖಾಲಿಯಿದ್ದರೆ ಅಚ್ಚಿನ ಮನೆಯವರಿಗೆ ಅನುಕೂಲ. ಶ್ರೀ ಸವರಿಯಪ್ಪನವರು ಎರಡೂ ಮಗ್ಗುಲಲ್ಲಿ ಬರೆದು ತಂದದ್ದರಿಂದ ಹಿಂತಿರುಗಿಸಲಾಗಿ, ಅವರು ಒಂದು ಬೇಸಿಗೆ ರಜೆಯನ್ನು ಪೂರಾ ಕೂತು, 216 ಹಾಳೆಯಾಗುವಂತೆ ಮತ್ತೆ ಬರೆದು ಕಳೆದರು.

3. ಅರ್ಜಿದಾರರು ಕರಡನ್ನಾಗಲಿ ನಕಲನ್ನಾಗಲಿ ಇಟ್ಟುಕೊಳ್ಳತಕ್ಕದ್ದಲ್ಲ. ಇಟ್ಟುಕೊಂಡರೆ ಇಲಾಖೆಯ ನೆರವಿಲ್ಲದೆಯೇ ಅಚ್ಚು ಹಾಕಿಸಿಬಿಡುವ ಅಪಾಯವುಂಟು. ಆದ್ದರಿಂದ ಕರಡನ್ನು ಇಲಾಖೆಯ ಜವಾನನ ಸಮಕ್ಷಮದಲ್ಲಿ ಸುಡಬೇಕು. ಅದರಂತೆ ಜವಾನ ಲಿಂಗಯ್ಯನ ಎದುರಿಗೆ, ಶ್ರೀ ಸವರಿಯಪ್ಪನವರ ಧರ್ಮಪತ್ನಿ ಲೂರ್ದಮ್ಮನವರು ಎಂಟು ವರ್ಷದ ಕರಡನ್ನು ನೀರೊಲೆಗೆ ಹಾಕಿ, "ನಿಮ್ ಇಲಾಖೆ ಉಪಕಾರದಿಂದ ಇವತ್ತು ಸ್ನಾನಕ್ಕೆ ಬಿಸಿನೀರಾದ್ರೂ ಆಯ್ತು ಬುಡಿ" ಎಂದರೆಂದು ವರದಿ ಬಂದಿದೆ. ಇಲಾಖೆಯು ಇದನ್ನು ಕೃತಜ್ಞತೆಯೆಂದು ದಾಖಲಿಸಿಕೊಂಡಿದೆ.

4. ಗ್ರಂಥದ ಯೋಗ್ಯತೆಯ ಬಗ್ಗೆ ಬಲ್ಲವರ ಅಭಿಪ್ರಾಯ ಪಡೆಯತಕ್ಕದ್ದು. ವಿಷಯವು ಬಾವಿಯಾದ್ದರಿಂದ ಮೊದಲು ಆರೋಗ್ಯ ಶಾಖೆಗೆ ಕಳುಹಿಸಲಾಯಿತು. 'ಸದರಿ ಬಾವಿಗಳಿಗೆ ಸುಣ್ಣ ಹಾಕಿಸಿದೆಯೇ?' ಎಂಬ ಪ್ರಶ್ನೆಯೊಂದಿಗೆ ಅದು ವಾಪಸಾಯಿತು. ಆಮೇಲೆ ನಿವೃತ್ತ ಪಂಡಿತ ಶ್ರೀ ಸದಾಶಿವಯ್ಯನವರು ಒಂದೂವರೆ ವರ್ಷ ಪರಿಶೀಲಿಸಿ, 'ಅಕ್ಷರ ದುಂಡಾಗಿದೆ' ಎಂದು ಷರಾ ಬರೆದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಅರ್ಜಿದಾರರು ತಮ್ಮ ಒಂಬತ್ತನೆಯ ಅರ್ಜಿಯಲ್ಲಿ ಎತ್ತಿದ್ದಾರೆ. ಅದು ಇಲ್ಲಿಗೆ ಅನ್ವಯಿಸುವುದಿಲ್ಲ. ಇಲ್ಲಿ ದೇವರೂ ಇನ್ನೂ ವರ ಕೊಟ್ಟಿರಲಿಲ್ಲ.

5. ಈ ನಡುವೆ ಮಳೆಗಾಲ ಬಂತು. ಕೊಡೆಯ ಸುತ್ತೋಲೆಗೆ 215 ಪ್ರತಿಗಳು ಬೇಕಾದವು. ಒಂದು ಮಗ್ಗುಲು ಖಾಲಿಯಿರುವ ಕಾಗದ ಕಚೇರಿಯಲ್ಲಿ ಎಲ್ಲಿದ್ದರೂ ಮೊದಲು ಅದನ್ನು ಬಳಸತಕ್ಕದ್ದೆಂದು ಮಿತವ್ಯಯದ ಆಜ್ಞೆಯಿದೆ. ಬೀರುವಿನಲ್ಲಿ ದಾರ ಕಟ್ಟಿಟ್ಟಿದ್ದ ಒಂದು ಕಟ್ಟು, ನಿಯಮ 2ರ ಪ್ರಕಾರ, ಸರಿಯಾಗಿ ಒಂದು ಮಗ್ಗುಲು ಖಾಲಿಯಿತ್ತು. ಹಾಳೆಗಳನ್ನು ಬೋರಲು ಹಾಕಿ ಯಂತ್ರಕ್ಕೆ ಕೊಟ್ಟು, ಪ್ರತಿಗಳನ್ನು ಊರಿಗೆಲ್ಲ ಹಂಚಲಾಯಿತು. ಅಡಿಯ ಒಂದು ಹಾಳೆ ಉಳಿಯಿತು. ಮಿತವ್ಯಯಕ್ಕಾಗಿ ಶಾಖೆಯನ್ನು ಶ್ಲಾಘಿಸಲಾಯಿತು. ಕಟ್ಟನ್ನು ಬೀರುವಿನಿಂದ ತೆಗೆದುಕೊಟ್ಟವರು ಈ ಸುತ್ತೋಲೆಯ ಕರಡು ಬರೆಯುತ್ತಿರುವ ಗುಮಾಸ್ತ ಗುರುಸಿದ್ದಯ್ಯ. ಅವರಿಗೆ ಅಂದಿನಿಂದ ಊಟ ಸೇರುತ್ತಿಲ್ಲ. ಅದು ಇಲಾಖೆಯ ಪರಿಶೀಲನೆಯಲ್ಲಿರುವ ವಿಷಯವಲ್ಲ.

6. ಮೂರು ದಿನದ ಮೇಲೆ ಶ್ರೀ ಸವರಿಯಪ್ಪನವರು ಹದಿನಾಲ್ಕನೆಯ ಅರ್ಜಿ ಹಿಡಿದು ಬಂದರು. ಪಡಸಾಲೆಯ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ್ದ ಕೊಡೆಯ ಸುತ್ತೋಲೆ ಗಾಳಿಗೆ ಮಗುಚಿ, ಹಿಂಬದಿಯಲ್ಲಿ ತಮ್ಮ ಅಕ್ಷರವೇ ಕಂಡಿತು. ಅವರು ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು, "ಇದೊಂದೇ ಇದ್ದಿದ್ದು ಕಣ್ರೀ. ಬೇರೆ ಇಲ್ಲ. ನೀವೇ ಸುಡಿಸಿದ್ರಲ್ಲ" ಎಂದಷ್ಟೇ ಹೇಳಿದರು. ಅರ್ಜಿದಾರರು ಕಚೇರಿಯ ಬೆಂಚಿನ ಮೇಲೆ ಅಪ್ಪಣೆಯಿಲ್ಲದೆ ಕೂತದ್ದನ್ನು ಈ ಬಾರಿಗೆ ಕ್ಷಮಿಸಲಾಗಿದೆ. ಕರೆದುಕೊಂಡು ಹೋಗಲು ಬಂದ ಲೂರ್ದಮ್ಮನವರು, "ಬಾವಿಗೆ ಬಿದ್ದೋರ್ನ ಮೇಲೆತ್ಬೋದು, ಈ ಕಚೇರಿಗೆ ಬಿದ್ದೋರ್ನ ಯಾರೂ ಎತ್ತಕ್ಕಾಗಲ್ಲ, ಏಳಿ" ಎಂದರು. ಇದನ್ನೂ ದಾಖಲಿಸಿಕೊಳ್ಳಲಾಗಿದೆ.

7. ಪ್ರಕರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಗ್ರಂಥವೊಂದು ಸಾರ್ವಜನಿಕರ ಕೈಗೆ ತಲುಪುವುದೇ ಪ್ರಕಟಣೆ. ಸದರಿ ಗ್ರಂಥವು ಒಂದೊಂದು ಹಾಳೆಯಂತೆ 215 ಕಡೆಗೆ ತಲುಪಿದೆ. ಆದಕಾರಣ ಅದು ಪ್ರಕಟವಾಗಿದೆ ಎಂದು ತೀರ್ಮಾನಿಸಲಾಗಿದೆ. ವಾರ್ಷಿಕ ವರದಿಯಲ್ಲಿ 'ಬೆಳಕಿಗೆ ಬಂದ ಚೊಚ್ಚಲ ಗ್ರಂಥ: ಒಂದು' ಎಂದು ನಮೂದಿಸತಕ್ಕದ್ದು. ಪ್ರಕಟಿತ ಗ್ರಂಥಕರ್ತರಾದ್ದರಿಂದ ಶ್ರೀ ಸವರಿಯಪ್ಪನವರು ಇನ್ನು ಈ ನೆರವಿಗೆ ಅರ್ಹರಲ್ಲ.

8. ಕೊಡೆಯ ಸುತ್ತೋಲೆಯನ್ನು ಯಾರೂ ಮಗುಚಿ ನೋಡತಕ್ಕದ್ದಲ್ಲ. ಕೊಡೆಯ ಬಗ್ಗೆ ಒಂದೇ ಒಂದು ವಿವರಣೆಯನ್ನೂ ಕೇಳದ ಕಚೇರಿಗಳಿಂದ, ಹಿಂಬದಿಯ ಬಗ್ಗೆ ಹತ್ತೊಂಬತ್ತು ಪತ್ರಗಳು ಬಂದಿವೆ. ಬನ್ನಿಮಂಟಪದ ಲಾಯದ ಜಮಾದಾರ ಪುಟ್ಟಣ್ಣನವರು, ಕುದುರೆಗಳಿಗೆ ನೀರು ಸೇದುತ್ತಿದ್ದ ಬಾವಿಯ ಕಥೆ ತಮ್ಮ ಹಾಳೆಯಲ್ಲಿ ಅರ್ಧಕ್ಕೇ ನಿಂತಿದೆಯೆಂದೂ, "ಮುಂದಿನ್ ಹಾಳೆ ಯಾರತ್ರ ಅದೆ ಅಂತ ಹೇಳ್ಬುಡಿ ಸ್ವಾಮಿ, ನಾನೇ ಹೋಗ್ ತರ್ತೀನಿ" ಎಂದೂ ಖುದ್ದಾಗಿ ಬಂದು ಕೇಳಿದ್ದಾರೆ. ಇಂಥ ಓದುವ ಚಟವು ಕಚೇರಿಯ ಶಿಸ್ತಿಗೆ ಒಳ್ಳೆಯದಲ್ಲ.

9. ಕಚೇರಿಯ ಕಸ ಗುಡಿಸುವ ಮಾದೇವಮ್ಮನಿಗೆ, ಗೋಡೆಯ ಮೇಲಿದ್ದ 88ನೆಯ ಹಾಳೆಯನ್ನು ಲಿಂಗಯ್ಯ ಓದಿ ಹೇಳಿದನು. 'ಈ ಬಾವಿಯನ್ನು ತೋಡಿಸಿದವರ ಹೆಸರು ಕಲ್ಲಿನಲ್ಲಿದೆ. ಇಳಿದು ತೋಡಿದವಳ ಹೆಸರು ತಿಮ್ಮಮ್ಮ. ಅದು ಯಾವ ಕಲ್ಲಿನಲ್ಲೂ ಇಲ್ಲ' ಎಂದು ಅದರಲ್ಲಿದೆ. ಆಕೆ ಪೊರಕೆ ಕೆಳಗಿಟ್ಟು, "ನಮ್ಮಜ್ಜಿ ಕಣಪ್ಪೋ! ನಮ್ಮಜ್ಜಿ ಎಸ್ರು ಬುಕ್ಕಲ್ ಬಂದದೆ!" ಎಂದು ಅಳುತ್ತಾ, ಹಾಳೆಯನ್ನು ಮೊಳೆಯಿಂದ ಬಿಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಆ ಮಧ್ಯಾಹ್ನ ಕಚೇರಿಯಲ್ಲಿ ಯಾವ ಕೆಲಸವೂ ನಡೆಯಲಿಲ್ಲ. ನಾಲ್ಕು ವರ್ಷಗಳಲ್ಲಿ ಗ್ರಂಥದ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ಗ್ರಂಥವನ್ನು ಕೇಳಿ ಹೇಳಿದ್ದು ಇದೊಂದೇ.

10. ಯಾವ ಹಾಳೆ ಎಲ್ಲಿಗೆ ಹೋಯಿತೆಂಬುದನ್ನು, ಕಾಗದದ ಲೆಕ್ಕ ತಪ್ಪಬಾರದೆಂಬ ಒಂದೇ ಕಾರಣದಿಂದ, ಪ್ರತಿಗಳ ಪಟ್ಟಿಯಲ್ಲಿ ಕರಡುಗಾರರು ನಮೂದಿಸಿದ್ದಾರೆ. ಯಾರಾದರೂ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲು ಬಾಗಿಲು ತಟ್ಟಿ 215 ಹಾಳೆಗಳನ್ನೂ ಕೂಡಿಸಿದರೆ ಅದಕ್ಕೆ ಇಲಾಖೆಯು ಜವಾಬ್ದಾರಿಯಲ್ಲ. ಮೇಲಧಿಕಾರಿಗಳು ಪಟ್ಟಿಗಳನ್ನು ಓದುವ ಪದ್ಧತಿಯಿಲ್ಲದ್ದರಿಂದ ಇದಕ್ಕೆ ರುಜು ಸಿಕ್ಕಿದೆ.

(ರುಜು, ಓದಲಾಗುವುದಿಲ್ಲ)
ಇಲಾಖೆಯ ಮುಖ್ಯಾಧಿಕಾರಿಗಳು
ಕರಡು: ಗುರುಸಿದ್ದಯ್ಯ, ಗುಮಾಸ್ತ

ಪ್ರತಿಗಳು:

1. ಎಲ್ಲ ಶಾಖೆಗಳ ಮುಖ್ಯಸ್ಥರಿಗೆ. (ಹಾಳೆ 2ರಿಂದ 58. ಯಾರೂ ಓದಿಲ್ಲ, ಹೊಸದಾಗಿಯೇ ಇವೆ.)

2. ನಗರದ ಶಾಲೆಗಳ ಮುಖ್ಯೋಪಾಧ್ಯಾಯರಿಗೆ. (ಹಾಳೆ 59ರಿಂದ 121, 88ನ್ನು ಬಿಟ್ಟು.)

3. ಬನ್ನಿಮಂಟಪದ ಲಾಯಕ್ಕೆ ಮತ್ತು ಸುತ್ತಿನ ಕಚೇರಿಗಳಿಗೆ. (ಹಾಳೆ 122ರಿಂದ 140. ಪುಟ್ಟಣ್ಣನವರು ಆಗಲೇ ಒಟ್ಟುಮಾಡಿಟ್ಟಿದ್ದಾರೆ.)

4. ವಕೀಲ ಶ್ರೀ ಕರಿಬಸವಯ್ಯನವರಿಗೆ. (ಹಾಳೆ 141. ಹೋದರೆ ಕಾಫಿ ಕೊಡುತ್ತಾರೆ.)

5. ಮಾರ್ಕೆಟ್ಟು, ರೈಲ್ವೆ ಸ್ಟೇಷನ್ನು ಮುಂತಾದ ಕಡೆಯ ಪ್ರಕಟಣೆ ಹಲಗೆಗಳಿಗೆ. (ಹಾಳೆ 142ರಿಂದ 190. ಗೋಂದು ಹಾಕಿ ಅಂಟಿಸಿದೆ; ಒದ್ದೆ ಬಟ್ಟೆ ಒತ್ತಿ, ಮೆಲ್ಲಗೆ ಬಿಡಿಸಬೇಕು.)

6. ಕೊಡೆ ರಿಪೇರಿಯವರಿಗೆ. (ಹಾಳೆ 191ರಿಂದ 216.)

7. ಮಾದೇವಮ್ಮನಿಗೆ. (ಹಾಳೆ 88. ಕೊಡುವುದಿಲ್ಲವೆಂದಿದ್ದಾಳೆ. ಜಗಲಿಯ ಮೇಲೆ ಕೂತು ನಕಲು ಮಾಡಿಕೊಳ್ಳಬಹುದು.)

8. ರಜೆಯ ಶಾಖೆಗೆ. (ಗುಮಾಸ್ತ ಗುರುಸಿದ್ದಯ್ಯನವರಿಗೆ ಸೋಮವಾರದಿಂದ ಹದಿನೈದು ದಿನ ರಜೆ. ಕಾರಣ: ಹಾಳೆ ಎಣಿಸುವುದು.)

9. ಶ್ರೀ ಸವರಿಯಪ್ಪನವರಿಗೆ, ಉಳಿದ ಆ ಒಂದು ಹಾಳೆಯನ್ನು ಲಗತ್ತಿಸಿ. (ಹಾಳೆ 1. ಗ್ರಂಥದ ಹೆಸರೂ ಅದರ ಕೆಳಗೆ ತಮ್ಮ ಹೆಸರೂ ಇವೆ. ಹಿಂಬದಿಯಲ್ಲಿ ಇಲಾಖೆಯು ಏನನ್ನೂ ಬರೆದಿಲ್ಲ.)