ಓವರ್‌ಸಿಯರರ ಎಡಗಾಲಿನ ಚೀಲ

ನಮ್ಮ ಸರ್ವೆ ಪಾರ್ಟಿಯಲ್ಲಿ ಸಾವಿಲ್ಲದ ವರ್ಷ ಇರಲಿಲ್ಲ, ನಗುವಿಲ್ಲದ ವಾರ ಇರಲಿಲ್ಲ. ಎಷ್ಟೋ ಸಲ ಎರಡೂ ಒಂದೇ ದಿನ ಬಂದು, ಯಾವುದನ್ನು ಮೊದಲು ಮುಗಿಸಬೇಕೆಂದು ತಿಳಿಯದೆ ನಾವು ಒದ್ದಾಡಿದ್ದೂ ಉಂಟು. ಕಾಡಿನ ಮರ ಸಾಗಿಸಲು ತರೀಕೆರೆಯಿಂದ ಲಕ್ಕವಳ್ಳಿ ಕಡೆಗೆ ಟ್ರಾಮ್ ಹಳಿ ಹಾಕಬೇಕೆಂದು ಮಹಾರಾಜರ ಸರ್ಕಾರಕ್ಕೆ ಮನಸ್ಸಾಗಿತ್ತು. ಹಳಿ ಎಲ್ಲಿ ಹೋಗಬೇಕೆಂದು ನಡೆದು ಅಳೆಯುವುದು ನಮ್ಮ ಕೆಲಸ. ಅಳತೆಯ ಸರಪಳಿ ಹಿಡಿಯುವ ಆಳುಗಳು ಚಳಿಜ್ವರದಲ್ಲಿ ಸಾಯುತ್ತಿದ್ದರು. ಸತ್ತವನ ಜಾಗಕ್ಕೆ ಬಂದವನು ಸತ್ತವನ ಕಂಬಳಿಯನ್ನೇ ಹೊದ್ದು ಮಲಗುತ್ತಿದ್ದ. ನಾನು ಸಾಮಾನಿನ ಗುಮಾಸ್ತ. ಅಕ್ಕಿ, ಸೀಮೆಎಣ್ಣೆ, ಕ್ವಿನೈನು, ಹೆಣ ಸುತ್ತುವ ಬಟ್ಟೆ, ಎಲ್ಲ ನನ್ನ ಸುಪರ್ದಿನಲ್ಲಿತ್ತು.

ಇಷ್ಟೆಲ್ಲದರ ನಡುವೆ ನಮ್ಮ ಪಾರ್ಟಿ ಎರಡು ವರ್ಷ ತಲೆ ಕೆಡಿಸಿಕೊಂಡದ್ದು ಒಂದು ಕಾಲುಚೀಲದ ವಿಷಯಕ್ಕೆ ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಮದುಮಗನ ಚೀಲ

ನಮ್ಮ ಓವರ್‌ಸಿಯರರು ಐವತ್ತರ ಹತ್ತಿರದ ಮನುಷ್ಯ. ತರೀಕೆರೆಯಲ್ಲಿ ತಾಯಿ, ಹೆಂಡತಿ, ಮದುವೆಗೆ ಬಂದ ಹೆಣ್ಣುಮಕ್ಕಳು. ಅವರಿಗೆ ಸಿಹಿಮೂತ್ರದ ಕಾಯಿಲೆ ಇತ್ತು. ಅದನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಡೇರೆಯ ಹಿಂದಿನ ಇರುವೆಗಳು. ಎಡಗಾಲಿನಲ್ಲಿ ಸ್ಪರ್ಶವೇ ಇರಲಿಲ್ಲ. ಮುಳ್ಳು ಹೊಕ್ಕರೂ ತಿಳಿಯುತ್ತಿರಲಿಲ್ಲ.

ತರೀಕೆರೆ ಆಸ್ಪತ್ರೆಯ ಡಾಕ್ಟರು ಪಾದವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು, "ನೋಡಿ, ಇನ್ನೊಂದು ಗಾಯ ಕೊಳೀತು ಅಂದ್ರೆ ನಾನು ಗರಗಸ ತಗೋತೀನಿ. ಬರೀ ಕಾಲಿಗೆ ಬೂಟು ಹಾಕ್ಕೊಂಡು ನಡೀಬೇಡಿ. ಕಾಲುಚೀಲ ಹಾಕ್ಕೊಳ್ಳಿ."

ಕಾಲು ಹೋದರೆ ಕೆಲಸ ಹೋಯಿತು. ಕಾಲಿಲ್ಲದವನಿಗೆ ಸರ್ವೆಯಲ್ಲಿ ಏನು ಕೆಲಸ? ಹೆಣ್ಣುಮಕ್ಕಳ ಗತಿ ಏನು? ಪಾಪ, ಓವರ್‌ಸಿಯರರು ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಮ್ಮ ಪಾದವನ್ನೇ ನೋಡುತ್ತಿದ್ದರು. ಎಂಥ ಕಾಲುಚೀಲ ಎಂದು ಡಾಕ್ಟರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಕಡೂರಿನಲ್ಲಿ ಕೆಲಸವಿದ್ದಾಗ ಅವರೂ ನಾನೂ ಜವಳಿ ಅಂಗಡಿಗೆ ಹೋದೆವು. ಆಗಿನ ಕಾಲದಲ್ಲಿ ನಮ್ಮ ಕಡೆ ಗಂಡಸು ಕಾಲುಚೀಲ ಹಾಕುತ್ತಿದ್ದುದು ಜನ್ಮದಲ್ಲಿ ಒಂದೇ ಸಲ, ವರಪೂಜೆಯ ದಿನ, ಮಾವ ಕೊಟ್ಟ ಬೂಟಿನ ಜೊತೆಗೆ. ಅಂಗಡಿಯವರು ಗುಲಾಬಿ ಬಣ್ಣದ ರೇಷ್ಮೆ ಕಾಲುಚೀಲ ಹರವಿದರು.

"ಗಂಡು ಯಾವೂರು?"

"ಗಂಡೂ ಇಲ್ಲ, ಗುಂಡೂ ಇಲ್ಲ. ನನಗೇ ಕಣ್ರೀ," ಅಂದರು ಓವರ್‌ಸಿಯರರು.

ಅಂಗಡಿಯವರು ಇವರ ನರೆತ ಮೀಸೆ ನೋಡಿದರು, ದನಿ ತಗ್ಗಿಸಿದರು. "ಎರಡನೇ ಸಂಬಂಧವೋ? ಇರ್ಲಿ ಬಿಡಿ ಸ್ವಾಮಿ, ತಪ್ಪೇನಿಲ್ಲ. ಹೆಣ್ಣು ಚಿಕ್ಕದೋ?"

ಸುದ್ದಿ ನಮಗಿಂತ ಮುಂಚಿನ ರೈಲಿಗೆ ತರೀಕೆರೆ ಸೇರಿತ್ತು. ನಾವು ಓವರ್‌ಸಿಯರರ ಮನೆ ಬಾಗಿಲಿಗೆ ಹೋದಾಗ ಒಳಗೆ ಗೋಳು. ಹೆಣ್ಣುಮಕ್ಕಳು ಅಳುತ್ತಿದ್ದರು. ಓವರ್‌ಸಿಯರರ ಹೆಂಡತಿ ಮಾತ್ರ ಅಳಲಿಲ್ಲ. ಗುಲಾಬಿ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು, "ಹೆಣ್ಣಿನ ಕಡೆಯೋರು ಈ ಕಾಲು ನೋಡಿದಾರಾ, ಇಲ್ಲ ಮುಚ್ಚಿಟ್ಕೊಂಡು ತಾಳಿ ಕಟ್ತೀರಾ?"

ಮಡಿ ಚೀಲ

ರೇಷ್ಮೆ ಬೂಟಿನೊಳಗೆ ಜಾರಿ ಮೊದಲ ದಿನವೇ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಗುಳ್ಳೆ ಹೇಗೋ ಒಣಗಿತು. ರೇಷ್ಮೆ ಬೇಡ ಎಂದಾಯಿತು. ಮತ್ತೆ ಯಾವುದು? ಮನೆಯಲ್ಲಿ ಅದನ್ನು ತೀರ್ಮಾನ ಮಾಡಿದವರು ಓವರ್‌ಸಿಯರರ ತಾಯಿ. ಆ ಮನೆಯಲ್ಲಿ ಮಡಿ ಅಂದರೆ ಮಡಿ. ಬೆಕ್ಕು ಕೂಡ ಕೇಳಿಕೊಂಡು ಒಳಗೆ ಬರುತ್ತಿತ್ತು.

"ಹತ್ತೀದು ಆದ್ರೆ ದಿನಾ ಒಗೀಬೇಕು," ಅಂದರು ಆಕೆ. "ಕಾಡಲ್ಲಿ ನಿನಗೆ ಯಾರು ಒಗೆದು ಕೊಡ್ತಾರೆ? ಉಣ್ಣೇದು ತಗೋ. ಉಣ್ಣೆಗೆ ಮೈಲಿಗೆ ಇಲ್ಲ."

"ಬೂಟಿನ ಚರ್ಮ ತಗಲತ್ತಲ್ಲಮ್ಮಾ?"

"ಅದು ಒಳಗಡೆ ತಗಲೋದು. ಒಳಗಡೇದನ್ನ ಯಾರು ನೋಡ್ತಾರೆ?"

ಬಿಳಿ ಉಣ್ಣೆಯ ಹೆಣೆದ ಚೀಲ ಬೆಂಗಳೂರಿನಿಂದ ಬಂತು. ಅದನ್ನು ಹಾಕಿಕೊಂಡು ಓವರ್‌ಸಿಯರರು ಕಾರ್ತಿಕದಲ್ಲಿ ಲಕ್ಕವಳ್ಳಿ ಕಾಡು ಹೊಕ್ಕರು. ನಡೆದರು, ಅದರಲ್ಲೇ ಮಲಗಿದರು, ಎದ್ದು ಮತ್ತೆ ನಡೆದರು. ಮೈಲಿಗೆ ಇಲ್ಲವೆಂದ ಮೇಲೆ ಒಗೆಯುವುದೇಕೆ? ಸರಪಳಿಯ ಆಳುಗಳು ಗಾಳಿ ನೋಡಿಕೊಂಡು ನಿಲ್ಲತೊಡಗಿದರು. ಕರಡಿಯೊಂದು ಎದುರಿಗೆ ಬಂದು, ಮೂಸಿ, ತಿರುಗಿ ಹೋಯಿತೆಂದು ಅವರಲ್ಲೊಬ್ಬ ಆಣೆ ಮಾಡಿ ಹೇಳುತ್ತಿದ್ದ.

ಕಾಡಿನ ಜಿಗಣೆಗಳಿಗೆ ಮಾತ್ರ ಆ ಚೀಲ ಬಹಳ ಹಿಡಿಸಿತು. ಹೆಣಿಗೆಯ ಕಣ್ಣುಗಳಲ್ಲಿ ದಾರದಷ್ಟು ಸಣ್ಣಗಾಗಿ ನುಸುಳಿ, ಹೊಟ್ಟೆ ತುಂಬ ಕುಡಿದು, ದಪ್ಪಗಾಗಿ, ಹೊರಗೆ ಬರಲಾಗದೆ ಅಲ್ಲೇ ಸಾಯುತ್ತಿದ್ದವು. ಬಿಳಿ ಚೀಲ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಓವರ್‌ಸಿಯರರಿಗೆ ಏನೂ ತಿಳಿಯಲಿಲ್ಲ. ಕಡೆಗೆ ನಾವೇ ಅವರನ್ನು ಗಾಡಿಯಲ್ಲಿ ಹಾಕಿಕೊಂಡು ತರೀಕೆರೆಗೆ ಬಂದೆವು.

ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಚೀಲ ಕತ್ತರಿಸಿದರು. "ಇದನ್ನ ಯಾವಾಗ ಒಗೆದದ್ದು?"

"ಉಣ್ಣೆ ಅಲ್ವೇ ಡಾಕ್ಟರೇ? ಅದಕ್ಕೆ ಮೈಲಿಗೆ ಇಲ್ಲ."

ಡಾಕ್ಟರು ಬಗ್ಗಿ ನೋಡಿದರು. "ನಿಜ," ಅಂದರು. "ಮೈಲಿಗೆ ಕಾಣಿಸ್ತಾ ಇಲ್ಲ. ಹುಳ ಕಾಣಿಸ್ತಾ ಇದೆ."

ಕಿರುಬೆರಳು ಅಲ್ಲೇ ಹೋಯಿತು.

ಗಂಜಿ ಚೀಲ

ಬೆರಳು ಹೋದ ಮೇಲೆ ನಮಗೆಲ್ಲ ಭಯ ಹುಟ್ಟಿತು. ಓವರ್‌ಸಿಯರರಿಗೆ ಸ್ವಲ್ಪ ಬಯಲುಸೀಮೆಯ ಕೆಲಸ ಸಿಗಲೆಂದು ಹೇಳಿ ಕೇಳಿ ಅಜ್ಜಂಪುರದ ಕಡೆಗೆ ಹಾಕಿಸಿಕೊಂಡೆವು. ಅಲ್ಲಿ ಜಿಗಣೆ ಇಲ್ಲ. ಕಲ್ಲು, ನೆಗ್ಗಿಲುಮುಳ್ಳು, ಜಾಲಿಮುಳ್ಳು. ಮುಳ್ಳು ತಡೆಯುವಂಥ ಚೀಲ ಬೇಕಲ್ಲ?

ಕಂಬಳಿ ನೇಯುವವನೊಬ್ಬ ಮುಂದೆ ಬಂದ. "ನಮ್ಮ ಕಂಬಳೀಲಿ ಹೊಲಿಸ್ಕಳಿ ಬುದ್ಧಿ. ಮುಳ್ಳಲ್ಲ, ಭರ್ಜಿ ಚುಚ್ಚಿದ್ರೂ ಒಳೀಕೆ ಹೋಗಾಕಿಲ್ಲ." ಅವನು ಸುಳ್ಳು ಹೇಳಲಿಲ್ಲ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದಿರುತ್ತಾರೆ, ಅದು ಹಲಗೆಯಂತೆ ನಿಲ್ಲುತ್ತದೆ. ನಮ್ಮ ದರ್ಜಿ ಅದರಲ್ಲಿ ಚೀಲ ಹೊಲಿಯಲು ಹೋಗಿ ಸೂಜಿಗಳನ್ನು ಮುರಿದುಕೊಂಡು, ಕಡೆಗೆ ದಬ್ಬಳ ತಂದ. ಹಳೆಯ ಕಂಬಳಿಯಲ್ಲಿ ಹೊಲಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಸರ್ಕಾರಿ ಓವರ್‌ಸಿಯರರಿಗೆ ಹಳೆಯದನ್ನು ಯಾರು ಕೊಡುತ್ತಾರೆ?

ಒಂದಷ್ಟು ದಿನ ಎಲ್ಲ ಸರಿಹೋಯಿತು. ಮುಳ್ಳುಗಳು ಚೀಲಕ್ಕೆ ತಗುಲಿ ಮುರಿದವು. ಓವರ್‌ಸಿಯರರು ಮತ್ತೆ ನಗತೊಡಗಿದರು, ಹಿರಿಯ ಮಗಳಿಗೆ ಗಂಡು ನೋಡುವ ಮಾತನ್ನೂ ಎತ್ತಿದರು. ಆಮೇಲೆ ಬುಕ್ಕಾಂಬುಧಿಯ ದೊಡ್ಡ ಕೆರೆಯ ಹಿನ್ನೀರಿನಲ್ಲಿ ಇಳಿದು ಅಳೆಯಬೇಕಾಯಿತು. ಚೀಲ ನೆನೆಯಿತು, ಗಂಜಿ ಕರಗಿತು. ದಡಕ್ಕೆ ಬಂದಾಗ ಕಾಲಿಂದ ಹುಣಸೆ ಅಂಬಲಿಯ ವಾಸನೆ. ಮಧ್ಯಾಹ್ನ ಊಟ ಮಾಡಿ, ಊರಿನ ರಾಗಿ ತುಂಬಿಟ್ಟ ಚಾವಡಿಯಲ್ಲಿ ಅವರು ಬೂಟು ಮಾತ್ರ ಕಳಚಿ, ಕಾಲು ಚಾಚಿ ಮಲಗಿದರು. ನಾನು ಆಚೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದೆ.

ಅವರು ಎದ್ದು ಆಕಳಿಸಿ ಹೊರಗೆ ಬಂದರು. "ಎಂಥಾ ನಿದ್ದೆ ಕಣ್ರೀ ಗುಮಾಸ್ತರೇ! ಒಂದು ಸೊಳ್ಳೇನೂ ಕಚ್ಚಲಿಲ್ಲ."

ನಾನು ಅವರ ಕಾಲು ನೋಡಿದೆ. ಚೀಲದ ಮುಂಭಾಗವೇ ಇರಲಿಲ್ಲ. ಇಲಿಗಳು ಗಂಜಿಯ ಆಸೆಗೆ ಕಂಬಳಿ ಕಡಿದಿದ್ದವು. ಕಂಬಳಿ ಮುಗಿದ ಮೇಲೂ ಬಿಟ್ಟಿರಲಿಲ್ಲ. ಅವರೂ ನನ್ನ ಕಣ್ಣು ಹೋದ ಕಡೆ ನೋಡಿದರು. ಅವತ್ತು ಅವರ ಮುಖದಲ್ಲಿ ನಾನು ಕಂಡ ಹೆದರಿಕೆಯನ್ನು ಜ್ವರದಲ್ಲಿ ಸಾಯುವ ಆಳುಗಳ ಮುಖದಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಊರಿನ ಶ್ಯಾನುಭೋಗರು ಓಡಿ ಬಂದರು. ನೋಡಿದರು, ಎದೆ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರು ಬಿಟ್ಟರು. "ಸದ್ಯ! ರಾಗಿ ಮುಟ್ಟಿಲ್ಲ."

ಉಳಿದದ್ದು

ಈ ಸಲ ಡಾಕ್ಟರು ತಡಮಾಡಲಿಲ್ಲ. ಮೊಣಕಾಲಿನ ಕೆಳಗೆ ಗರಗಸ ಇಟ್ಟರು. ಆಮೇಲೆ ಕೈ ತೊಳೆಯುತ್ತಾ ನನಗೆ ಹೇಳಿದರು, "ಬಲಗಾಲಾದ್ರೂ ಉಳಿಸ್ಕೊಳ್ಳಿ. ದಪ್ಪ ಹತ್ತಿ ಬಟ್ಟೆ, ಒತ್ತಾಗಿ ನೇಯ್ದದ್ದು, ಅದರಲ್ಲಿ ಚೀಲ ಹೊಲಿಸಿ. ದಿನಾ ಒಗೀಬೇಕು."

"ಇದನ್ನ ಮೊದಲೇ ಹೇಳಬಾರದಾಗಿತ್ತೇ ಡಾಕ್ಟರೇ?"

"ಮೊದಲು ನೀವು ಕೇಳಲಿಲ್ಲವಲ್ಲ."

ಕತ್ತರಿಸಿದ ಕಾಲನ್ನು ಏನು ಮಾಡಬೇಕು? ಓವರ್‌ಸಿಯರರ ತಾಯಿ ಅತ್ತರು, ಅತ್ತು ಮುಗಿಸಿ ಪುರೋಹಿತರನ್ನು ಕರೆಸಿದರು. ಕಾಲಿಗೆ ಸೂತಕ ಉಂಟೇ? ಪುರೋಹಿತರು ಪಂಚಾಂಗ ನೋಡಿದರು, ಸೂರು ನೋಡಿದರು. "ಸೂತಕ ಇಲ್ಲ. ಆದ್ರೆ ಎಲ್ಲಾರೂ ಒಂದು ಸ್ನಾನ ಮಾಡಿಬಿಡಿ," ಅಂದರು. ಸುಡುವುದು ಮಾತ್ರ ಒಳ್ಳೆಯದೆಂದಾಯಿತು. ಹೆಣ ಸುತ್ತುವ ಬಟ್ಟೆ ನನ್ನ ಸುಪರ್ದಿನಲ್ಲಿತ್ತಲ್ಲ, ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ಒಂದು ತುಂಡು ಹರಿದು ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ತರೀಕೆರೆಯ ಸ್ಮಶಾನಕ್ಕೆ ನಡೆದೆ. ದಾರಿಯುದ್ದಕ್ಕೂ ಪರಿಚಯದವರು ಸಿಕ್ಕಿ, ಏನು ಗುಮಾಸ್ತರೇ, ಬಾಳೆಗೊನೆಯೇ ಎಂದು ಕೇಳುತ್ತಿದ್ದರು.

ಸ್ಮಶಾನ ಕಾಯುವವನು ಗಂಟು ಬಿಚ್ಚಿ ನೋಡಿದ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಸೌದೆಯ ರಾಶಿಯ ಕಡೆ ಒಮ್ಮೆ ನೋಡಿ, ಲೆಕ್ಕ ಹಾಕಿ, ಬಹಳ ಮರ್ಯಾದೆಯಿಂದ ಕೇಳಿದ, "ಮಿಕ್ಕಿದ್ದನ್ನ ಯಾವಾಗ ತತ್ತೀರಿ ಬುದ್ಧಿ?"

ಹೆಬ್ಬೆ ದಾರಿ

ಗಾಯ ಮಾಯುವುದರೊಳಗೆ ಬೆಂಗಳೂರಿನಿಂದ ಹೊಸ ಎಂಜಿನಿಯರ್ ಬರುತ್ತಾರೆಂದು ತಿಳಿಯಿತು. ಪಾರ್ಟಿಯನ್ನೆಲ್ಲ ಕಾಡಿನಲ್ಲಿ ನಡೆಸಿ ನೋಡಿ, ನಡೆಯಲಾಗದವರನ್ನು ಮನೆಗೆ ಕಳಿಸುತ್ತಾರಂತೆ. ಓವರ್‌ಸಿಯರರು ನನ್ನ ಕೈ ಹಿಡಿದುಕೊಂಡರು. "ಕಾಲು ಹೋಯ್ತು, ಹೋಗ್ಲಿ. ಕೆಲಸ ಹೋದ್ರೆ ಮಕ್ಕಳು ಬೀದಿಗೆ ಬೀಳ್ತಾರೆ ಕಣ್ರೀ. ಏನಾದ್ರೂ ಮಾಡಿ."

ಏನು ಮಾಡುವುದು? ಕ್ಯಾಂಪಿನ ಬಡಗಿ ಒಂದು ಮರದ ಕಾಲು ಕೆತ್ತಿದ. ಬೆರಳುಗಳನ್ನೂ ಕೆತ್ತಿದ, ಕಿರುಬೆರಳನ್ನೂ ಬಿಡಲಿಲ್ಲ. ನಾನು ಡಾಕ್ಟರು ಹೇಳಿದಂತೆ ಒತ್ತು ನೇಯ್ಗೆಯ ಖಾಕಿ ಹತ್ತಿಯಲ್ಲಿ ಮೊಣಕಾಲವರೆಗೆ ಬರುವ ಚೀಲ ಹೊಲಿಸಿದೆ, ಎರಡು ಕಾಲಿಗೂ. ಓವರ್‌ಸಿಯರರು ಡೇರೆಯೊಳಗೆ ಬಿದ್ದು ಎದ್ದು ನಡಿಗೆ ಕಲಿತರು. ಮೊಂಡು ಕಾಲು ಒಡೆದು ರಕ್ತ ಬರುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಕುಂಟುವುದಕ್ಕೆ ಮಂಡಿನೋವು ಎಂದು ಹೇಳುವುದೆಂದು ಪಾರ್ಟಿಯೆಲ್ಲ ಮಾತಾಡಿಕೊಂಡೆವು.

ಎಂಜಿನಿಯರ್ ಬಂದರು. ವಿಲಾಯಿತಿ ಉಣ್ಣೆಯ ಉದ್ದನೆಯ ಕಾಲುಚೀಲ, ಅದಕ್ಕೆ ಅಂಚಿನಲ್ಲಿ ಹಸಿರು ಪಟ್ಟೆ. ಮಳೆ ಬಿಟ್ಟ ಹೊಸತು. ಹೆಬ್ಬೆ ಜಲಪಾತದ ದಾರಿಯಲ್ಲಿ ಎಲೆಎಲೆಯ ಮೇಲೂ ಜಿಗಣೆ ತಲೆಯೆತ್ತಿ ನಿಂತಿತ್ತು. ನಾವು ನಡೆದೆವು. ಓವರ್‌ಸಿಯರರು ಕೋಲೂರಿಕೊಂಡು, ಬೆವರು ಸುರಿಸುತ್ತಾ, ಒಂದು ಹೆಜ್ಜೆಯೂ ಹಿಂದೆ ಬೀಳದೆ ಬಂದರು.

ಜಲಪಾತದ ಹತ್ತಿರ ಬಂಡೆಯ ಮೇಲೆ ಎಲ್ಲರೂ ಕೂತು ಜಿಗಣೆ ಕೀಳತೊಡಗಿದೆವು. ಎಂಜಿನಿಯರರ ಹಸಿರು ಪಟ್ಟೆ ಕಾಣದಷ್ಟು ರಕ್ತ. ಅವರು ಒಬ್ಬೊಬ್ಬರ ಕಾಲನ್ನೂ ನೋಡುತ್ತಾ ಬಂದು ಓವರ್‌ಸಿಯರರ ಮುಂದೆ ನಿಂತರು. ಬಲಗಾಲಿನ ಹತ್ತಿ ಚೀಲದ ಮೇಲೆ ಒಂದೋ ಎರಡೋ ಜಿಗಣೆ ಹರಿದಾಡುತ್ತಿದ್ದವು. ಎಡಗಾಲಿನ ಮೇಲೆ ಒಂದೂ ಇಲ್ಲ. ಹತ್ತಿದವೂ ಬೇಸರಪಟ್ಟು ಇಳಿದು ಹೋಗಿದ್ದವು.

"ಭಲೇ!" ಅಂದರು ಎಂಜಿನಿಯರ್. "ಮಂಡಿನೋವು ಇಟ್ಕೊಂಡು ಇಲ್ಲೀವರೆಗೂ ನಡೆದಿದ್ದೀರಿ, ಒಂದು ಜಿಗಣೇನೂ ಕಚ್ಚಿಲ್ಲ. ನಿಮ್ಮಂಥೋರು ಇಲಾಖೆಗೆ ಬೇಕು ಕಣ್ರೀ. ನಾನು ಇರೋವರೆಗೂ ನಿಮ್ಮನ್ನ ಕಳಿಸೋ ಮಾತೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಗುಮಾಸ್ತರೇ, ಎಡಗಾಲಿಗೆ ಹಾಕಿದಾರಲ್ಲ, ಅದು ಯಾತರದು? ಇಡೀ ಪಾರ್ಟಿಗೆ ಅದನ್ನೇ ತರಿಸಿ. ನನಗೂ ಒಂದು ಜೊತೆ."

ಎಂಜಿನಿಯರ್ ಬಗ್ಗಿ ಚೀಲ ಮುಟ್ಟಲು ಕೈ ಚಾಚಿದರು. ಇನ್ನು ಮುಚ್ಚಿಡುವಂತಿರಲಿಲ್ಲ. ಓವರ್‌ಸಿಯರರು ಕೋಲೆತ್ತಿ ತಮ್ಮ ಎಡಗಾಲಿನ ಮೇಲೆ ಟಕ್ ಟಕ್ ಎಂದು ಬಡಿದರು.

"ತೇಗದ್ದು ಸಾರ್. ನಮ್ಮ ಲಕ್ಕವಳ್ಳಿ ಕಾಡಿಂದೇ."

ಎಂಜಿನಿಯರ್ ಆ ಕಾಲು ನೋಡಿದರು, ನಾವು ಬಂದ ಇಳಿಜಾರು ನೋಡಿದರು, ಓವರ್‌ಸಿಯರರ ಮುಖ ನೋಡಿದರು.

"ಈ ಕಾಲಲ್ಲಿ ನಡೆದು ಬಂದ್ರಾ?"

"ಹೌದು ಸಾರ್."

"ನಾನು ಆಗ ಹೇಳಿದ ಮಾತು ಹಾಗೇ ಇರತ್ತೆ," ಅಂದರು. "ಕೆಲಸದಲ್ಲಿರಿ."

ಓವರ್‌ಸಿಯರರು ಕಣ್ಣೊರೆಸಿಕೊಂಡರು. ನಮ್ಮಲ್ಲೂ ಕೆಲವರು ಒರೆಸಿಕೊಂಡೆವು. ಆದರೆ ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ಮನುಷ್ಯ, ಮೇಲಿನವರ ಹುಕುಂ ಒಂದನ್ನೂ ಮರೆತವರಲ್ಲ. ಮೂಗೊರೆಸಿಕೊಂಡು, ಕೈ ಕಟ್ಟಿ, ಬಹಳ ವಿನಯದಿಂದ ಕೇಳಿದರು, "ತಮಗೂ ಒಂದು ಜೊತೆ ಅಂದಿರಲ್ಲ ಸಾರ್, ಬಡಗಿಗೆ ಇವತ್ತೇ ಹೇಳ್ತೀನಿ. ಮೊದಲು ಒಂದ್ಸಲ ತರೀಕೆರೆ ಡಾಕ್ಟರನ್ನ ನೋಡ್ಕೊಂಡು ಬಂದುಬಿಡಿ."