ಅಳಿಯಂದಿರು ಸೈಕಲ್ಲಿನಲ್ಲಿ ಬಂದರು

ಶಿವಮೂರ್ತಿಯವರಿಗೂ ಅವರ ಸೈಕಲ್ಲಿಗೂ ವಯಸ್ಸಾಗಿದೆ ಎಂಬುದನ್ನು ಹೊನ್ನವಳ್ಳಿಯಲ್ಲಿ ಎಲ್ಲರೂ ಒಪ್ಪಿದ್ದರು, ಅವರೊಬ್ಬರನ್ನು ಬಿಟ್ಟು. ಆ ಸೈಕಲ್ಲು ಅವರು ತಿಪಟೂರಿನಲ್ಲಿ ಕಾಲೇಜು ಓದಿದ ಕಾಲದ್ದು. (ಓದಿದ್ದು ಎಷ್ಟೋ, ಸೈಕಲ್ ತುಳಿದದ್ದಂತೂ ನಿಜ.) ಈಗ ಕೊಟ್ಟಿಗೆ ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ ಮೇಲೆ ಗೋಣಿಚೀಲಗಳು ಒಣಗುತ್ತಿದ್ದವು. ಸೀಟಿನ ಮೇಲೆ ಬೆಕ್ಕು ಮಲಗುತ್ತಿತ್ತು.

ಹೆಂಡತಿ ನಿರ್ಮಲಾಗೆ ಅದನ್ನು ಗುಜರಿ ಮಾರಯ್ಯನಿಗೆ ಕೊಟ್ಟು, ಅವನ ಗಾಡಿಯಲ್ಲಿ ನೇತಾಡುವ ದೊಡ್ಡ ನೀಲಿ ಪ್ಲಾಸ್ಟಿಕ್ ಟಬ್ಬನ್ನು ತೆಗೆದುಕೊಳ್ಳುವ ಆಸೆ. ಟಬ್ಬು ಇಡುವ ಜಾಗವನ್ನು ಆಕೆ ಆಗಲೇ ಗುಡಿಸಿ, ನೀರು ಚಿಮುಕಿಸಿ ಇಟ್ಟಿದ್ದಳು.

“ನನ್ನ ಸೈಕಲ್ ಮುಟ್ಟಿದ್ರೆ ಸರಿ ಇರಲ್ಲ ಕಣೇ! ಡಾಕ್ಟ್ರು ಹೊಟ್ಟೆ ಕರಗಿಸಿ ಅಂದವ್ರೆ. ನಾಳೆಯಿಂದ ಅದನ್ನೇ ತುಳೀತೀನಿ.”

“ನಿಮ್ಮ ನಾಳೆ ಹೋದ ಯುಗಾದಿಯಿಂದ ಬತ್ತಾನೇ ಐತೆ. ಹತ್ತಕ್ಕೆ ನಿಮಗೆ ಜಗುಲಿಕಟ್ಟೆ ಬೇಕು, ಇಳಿಸಕ್ಕೆ ನಾಲ್ಕು ಆಳು ಬೇಕು.”

ಶಿವಮೂರ್ತಿಯವರ ಪೌರುಷ ಕೆರಳಿತು. “ತುರುವೇಕೆರೆಗೆ, ನಿಮ್ಮಮ್ಮನ ಮನೇಗೆ ಇದ್ರಲ್ಲೇ ಹೋಗಿ, ಒಂದು ರಾತ್ರಿ ಇದ್ದು, ಇದ್ರಲ್ಲೇ ವಾಪಸ್ ಬತ್ತೀನಿ. ಆಗೇನಂತೀಯ?”

“ಬಂದ್ರೆ ಸೈಕಲ್ ಇರ್ಲಿ, ದಿನಾ ನಾನೇ ಒರೆಸ್ತೀನಿ. ದಾರೀಲಿ ಬಸ್ಸೋ ಆಟೋನೋ ಹತ್ತಿದ್ರೋ, ಭಾನುವಾರ ಮಾರಯ್ಯ ಬತ್ತಾನೆ, ಟಬ್ಬು ನಂದು.”

“ನೀನು ಮಾತ್ರ ನಿಮ್ಮನೇಗೆ ಫೋನ್ ಮಾಡಂಗಿಲ್ಲ. ಮಾಡಿದ್ರೆ ನಿನ್ನ ತಮ್ಮ ತಿಲಕ ಅರ್ಧ ದಾರೀಗೇ ಗಾಡಿ ತತ್ತಾನೆ.”

“ನಾನ್ಯಾಕ್ ಮಾಡ್ಲಿ!” ಎಂದಳು ನಿರ್ಮಲಾ.

ಹೀಗೆ ಶನಿವಾರ ಶಿವಮೂರ್ತಿಯವರ ದಿಗ್ವಿಜಯ ಯಾತ್ರೆ ಹೊರಟಿತು. ಹೊಸ ಟಯರು, ಹೊಸ ಬ್ರೇಕು. ಕ್ಯಾರಿಯರ್ ಮೇಲೆ ಒಂದು ಕೈಚೀಲ. ಅದರಲ್ಲಿ ಪಂಚೆ, ಟವಲ್ಲು, ಗಾಳಿ ಹೊಡೆಯುವ ಪಂಪು. ಭಾರ ಹೆಚ್ಚಾಗುತ್ತದೆಂದು ಅತ್ತೆ ಮನೆಗೆ ಒಂದು ಚಿಪ್ಪು ಬಾಳೆಹಣ್ಣನ್ನೂ ತೆಗೆದುಕೊಳ್ಳಲಿಲ್ಲ.

ತುಳಿಯುವುದು ಕಷ್ಟವಾಗಲಿಲ್ಲ, ಕಷ್ಟವಾದದ್ದು ಜನರ ಅಂತಃಕರಣ. ಊರು ದಾಟುವಷ್ಟರಲ್ಲೇ ಬೈಕಿನಲ್ಲಿ ಬಂದ ಹನುಮಂತರಾಜು ಪಕ್ಕದಲ್ಲೇ ನಿಧಾನಿಸಿದ.

“ಏನಣ್ಣ, ಗಾಡಿ ಮಾರ್ಬುಟ್ರಾ?”

“ಇಲ್ಲ ಕಣಪ್ಪ, ವ್ಯಾಯಾಮ.”

“ಅಯ್ಯೋ, ನನ್ನತ್ರ ಏನು ಮುಚ್ಚುಮರೆ? ಬನ್ನಿ ಹತ್ತಿ.”

ಅವನನ್ನು ಸಾಗಹಾಕುವಷ್ಟರಲ್ಲಿ ಎಳನೀರು ತುಂಬಿದ ಟೆಂಪೊ ನಿಂತಿತು. ತಿಪಟೂರು ದಾಟಿದ ಮೇಲೆ ಬಸ್ಸಿನ ಕಂಡಕ್ಟರೇ ಇಳಿದು ಬಂದು, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಲು ಹಿಡಿದೆಳೆದ. ಶಿವಮೂರ್ತಿ ಈ ಕಡೆಯಿಂದ ಎಳೆದರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ, ಸೈಕಲ್ಲು ಕದಿಯುತ್ತಿದ್ದಾನೆಂದು ಪಾಪ ಕಂಡಕ್ಟರನನ್ನೇ ಬೈದರು.

ತುರುವೇಕೆರೆ ಸೇರುವಾಗ ದೀಪ ಹಚ್ಚುವ ಹೊತ್ತು. ಬಾಗಿಲು ತೆರೆದ ಅತ್ತೆ ಅಂಕಮ್ಮನವರು ಅಳಿಯನನ್ನು ನೋಡಿ ಕಲ್ಲಾಗಿ ನಿಂತರು. ಮೈಯೆಲ್ಲ ಧೂಳು, ಕೆದರಿದ ಕೂದಲು, ಕಂಕುಳಲ್ಲಿ ಬಟ್ಟೆಯ ಚೀಲ. ಮಗಳಿಲ್ಲ, ಮುಂಚೆ ಫೋನಿಲ್ಲ, ಹಣ್ಣಿಲ್ಲ, ಹೂವಿಲ್ಲ. ಅಳಿಯ ಹೀಗೆ ಬರುವುದಕ್ಕೆ ಆ ಸೀಮೆಯಲ್ಲಿ ಒಂದೇ ಅರ್ಥ.

“ಅಯ್ಯೋ ಅಳಿಯಂದ್ರೇ! ಎಷ್ಟು ಬೇಜಾರಾಗಿದ್ರೆ ಸೈಕಲ್ ಮೇಲೆ ಮನೆ ಬಿಟ್ಟು ಬಂದ್ರಿ?”

“ಬಿಟ್ಟಿಲ್ಲ ಅತ್ತೆ, ಪಂದ್ಯ ಕಟ್ಕೊಂಡು…”

“ಮರ್ವಾದಸ್ತರು ಇನ್ನೇನು ಹೇಳ್ತೀರಿ. ಬನ್ನಿ, ಕಾಲು ತೊಳ್ಕಳಿ.”

ಒಳಗೆ ಒತ್ತುಶ್ಯಾವಿಗೆ, ಕಾಯಿಹಾಲು ತಯಾರಾಯಿತು. ದಿನವೆಲ್ಲ ತುಳಿದ ಹಸಿವು. ಶಿವಮೂರ್ತಿ ಮೂರನೇ ಸಲ ತಟ್ಟೆ ಮುಂದೆ ಮಾಡಿದಾಗ ಅಂಕಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆ ಮನೇಲಿ ಊಟಾನೂ ಇಕ್ಕಿಲ್ಲ ಕಣ್ಲಾ ತಿಲಕ!”

ತಿಲಕ ಅಕ್ಕನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಅಂಕಮ್ಮನವರು ಮೃದುವಾಗಿ ಹೇಳಿದರು: “ನಿರ್ಮಲಾ, ನಿನ್ನ ಯಜಮಾನ್ರು ಇಲ್ಲಿಗೆ ಬಂದವ್ರೆ ಕಣವ್ವ.”

“ಬಂದ್ರಾ? ಪರವಾಗಿಲ್ಲ!” ನಿರ್ಮಲಾಳ ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು. “ಇರ್ಲಿ ಬುಡು. ಹೆಂಗೆ ಹೋದ್ರೋ ಹಂಗೇ ಬರ್ಲಿ. ನೀವ್ಯಾರೂ ಕರ್ಕೊಂಡು ಬರಂಗಿಲ್ಲ, ಹೇಳಿದೀನಿ!”

ಪಂದ್ಯದ ನ್ಯಾಯಾಧೀಶೆಯಾಗಿ ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ತುರುವೇಕೆರೆಯ ನಡುಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಎಂಥ ಕಲ್ಲು ಮನಸ್ಸು!

ಬೆಳಗಾಗಿ ಶಿವಮೂರ್ತಿ ಹೊರಗೆ ಬಂದರೆ ಸೈಕಲ್ಲಿಲ್ಲ. ಅದು ತಿಲಕನ ಲಗೇಜ್ ಆಟೋದಲ್ಲಿ, ಗಂಡ ಹೆಂಡತಿ ರಾಜಿಯಾಗಲೆಂದು ಹೇರಿದ್ದ ತೆಂಗಿನಕಾಯಿ ರಾಶಿಯ ಮೇಲೆ, ಚಕ್ರ ಮೇಲೆ ಮಾಡಿ ಮಲಗಿತ್ತು. ಅಂಕಮ್ಮನವರು ಹೊಸ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು.

“ಅತ್ತೆ, ನಾನು ಸೈಕಲ್ಲಲ್ಲೇ ಹೋಗ್ಬೇಕು! ಇಲ್ಲಾಂದ್ರೆ ಎಲ್ಲಾ ಹೋಯ್ತು!”

“ಏನೂ ಹೋಗಲ್ಲ, ನಾನಿಲ್ವಾ? ಕೂತ್ಕಳಿ.”

ತಿಲಕನಿಗೂ ಅತ್ತೆಗೂ ನಡುವೆ ಒತ್ತುಶ್ಯಾವಿಗೆಯಂತೆಯೇ ಒತ್ತಿಸಿಕೊಂಡು ಶಿವಮೂರ್ತಿ ಹೊರಟರು. ಹೊನ್ನವಳ್ಳಿ ಹತ್ತಿರವಾದಾಗ ಕಡೆಯ ಉಪಾಯ ಹೂಡಿದರು.

“ತಿಲಕ, ಇಲ್ಲೇ ಇಳಿಸ್ಬುಡಪ್ಪ. ಊರೊಳಕ್ಕೆ ತುಳ್ಕೊಂಡು ಹೋಗ್ತೀನಿ.”

“ಭಾವ ತಪ್ಪಿಸ್ಕೊಳಕ್ಕೆ ನೋಡ್ತಾವ್ರೆ, ಕೈ ಬುಡಬೇಡಮ್ಮೋ!” ಎಂದ ತಿಲಕ. ಅಂಕಮ್ಮನವರು ಅಳಿಯನ ಮಣಿಕಟ್ಟನ್ನು ಹಿಡಿದವರು ಮನೆ ಬಾಗಿಲವರೆಗೂ ಬಿಡಲಿಲ್ಲ.

ಬಾಗಿಲಲ್ಲಿ ನಿರ್ಮಲಾ. ಪಕ್ಕದಲ್ಲಿ ಗಾಡಿಯೊಂದಿಗೆ ಮಾರಯ್ಯ, ಅವನ ಕೈಯಲ್ಲಿ ನೀಲಿ ಟಬ್ಬು.

“ಹೋಗೋವಾಗ ನೀವು ಸೈಕಲ್ ಮೇಲೆ ಹೋದ್ರಿ,” ಎಂದು ನಿರ್ಮಲಾ ನಕ್ಕಳು. “ಬರೋವಾಗ ಸೈಕಲ್ಲು ತೆಂಗಿನಕಾಯಿ ಮೇಲೆ ಬಂತು. ಟಬ್ಬು ನಂದೇ ಕಣ್ರೀ!”

“ನಗ್ತೀಯೇನೇ?” ಅಂಕಮ್ಮನವರು ಜಗುಲಿ ಮೇಲೆ ಕೂತು ನ್ಯಾಯಕ್ಕಿಳಿದರು. “ಮೊದ್ಲು ಹೇಳು, ಜಗಳ ಯಾತಕ್ಕೆ ಬಂತು?”

“ಜಗಳ ಎಲ್ಲಮ್ಮ? ಈ ಸೈಕಲ್ನ ಗುಜರಿಗೆ ಹಾಕ್ತೀನಿ ಅಂದೆ.”

“ಹಾಕ್ಬೇಡ ಅಂದೆ ಅತ್ತೆ, ಅಷ್ಟೇ!”

“ಅಷ್ಟೇನಾ? ಬೀದಿಗೆಲ್ಲ ಕೇಳಂಗೆ ಕೂಗಾಡಿದ್ರಲ್ಲ, ಅಲ್ವಾ ಮಾರಯ್ಯ?” ಎಂದಳು ನಿರ್ಮಲಾ.

“ಪಕ್ಕದ ಬೀದೀಗೂ ಕೇಳಿಸ್ತು ಅಮ್ಮಾವ್ರೇ,” ಎಂದ ಮಾರಯ್ಯ ಸತ್ಯಕ್ಕೆ ತಲೆಬಾಗಿ.

“ನೋಡಿದ್ರಾ! ಜಗಳ ಇಲ್ಲ ಇಲ್ಲ ಅಂತ ಇಬ್ಬರೂ ನನ್ನ ಕಿವಿಗೇ ಹೂ ಇಡ್ತೀರಾ? ತಿಲಕ, ಇಳಿಸ್ಲಾ ಆ ಸೈಕಲ್ನ. ಕೊಟ್ಬುಡು ಮಾರಯ್ಯನಿಗೆ. ಜಗಳದ ಬೇರೇ ಮನೇಲಿ ಇರಬಾರದು.”

ನಿರ್ಮಲಾಳ ಮುಖ ಅರಳಿತು. ಟಬ್ಬಿಗೆ ಕೈ ಚಾಚಿದಳು.

“ಅದನ್ನ ನೀನ್ಯಾಕ್ ಮುಟ್ತೀಯ?” ಅಂಕಮ್ಮನವರು ಟಬ್ಬನ್ನು ತಮ್ಮ ಕಡೆ ಎಳೆದುಕೊಂಡರು. “ಇದು ಕಣ್ಣೆದುರಿಗಿದ್ರೆ ದಿನಾ ಅದೇ ಜ್ಞಾಪಕ, ದಿನಾ ಅದೇ ಜಗಳ. ನಮ್ಮನೇಲಿ ಇರ್ಲಿ.”

ಊಟ ಮುಗಿಸಿ ಆಟೋ ಹೊರಟಾಗ ಟಬ್ಬು ಅಂಕಮ್ಮನವರ ತೊಡೆ ಮೇಲೆ ಮಗುವಿನ ಹಾಗೆ ಕೂತಿತ್ತು. ಸೈಕಲ್ಲು ಮಾರಯ್ಯನ ಗಾಡಿಯಲ್ಲಿ ಇನ್ನೊಂದು ದಿಕ್ಕಿಗೆ ಹೋಗಿತ್ತು. ಗಂಡ ಹೆಂಡತಿ ಗುಡಿಸಿಟ್ಟ ಖಾಲಿ ಜಾಗವನ್ನೂ, ಕೊಟ್ಟಿಗೆಯ ಖಾಲಿ ಗೋಡೆಯನ್ನೂ ಸ್ವಲ್ಪ ಹೊತ್ತು ನೋಡಿದರು. ಮೊದಲು ನಕ್ಕವಳು ನಿರ್ಮಲಾ. ಆಮೇಲೆ ಶಿವಮೂರ್ತಿಯವರ ಹೊಟ್ಟೆ ಕುಣಿಯತೊಡಗಿತು.

“ಆ ಚೀಲದಲ್ಲೇನ್ರೀ ಗಟ್ಟಿಗೈತೆ?”

“ಪಂಪು,” ಎಂದರು ಶಿವಮೂರ್ತಿ ಎದೆಗೊತ್ತಿಕೊಂಡು. “ಇದೊಂದು ಉಳೀತು.”

ನಿರ್ಮಲಾ ಅದನ್ನು ಕಿತ್ತುಕೊಂಡು, ಒಮ್ಮೆ ಒತ್ತಿ, ಬರುವ ಗಾಳಿಯನ್ನು ಕೈಯಲ್ಲಿ ಹಿಡಿದು ನೋಡಿ ಮೆಚ್ಚಿದಳು.

ಈಗ ಅವರ ಮನೆಯಲ್ಲಿ ಬೆಳಗಾದರೆ ಸಾಕು, ಬಚ್ಚಲ ಹಂಡೆಯ ಒಲೆ ಮುಂದೆ ಶಿವಮೂರ್ತಿ ಕುಕ್ಕರಗಾಲಲ್ಲಿ ಕೂತು, ಹಸಿ ತೆಂಗಿನ ಮಟ್ಟೆಗೆ ಪಂಪಿನಿಂದ ಗಾಳಿ ಹೊಡೆಯುತ್ತಿರುತ್ತಾರೆ. ಹೊಗೆಯ ಆಚೆಯಿಂದ ನಿರ್ಮಲಾಳ ದನಿ ಬರುತ್ತದೆ:

“ಇನ್ನೊಂಚೂರು ಜೋರಾಗಿ ರೀ. ಡಾಕ್ಟ್ರು ಹೇಳಿಲ್ವಾ?”